ಗೆಳೆಯನಿಗೆ ಯಾವ ರೆಕಾರ್ಡು ಕೊಡಲಿ?

ಪ್ರಶ್ನೆ: ನಮ್ಮದು ಬನಹಟ್ಟಿ. ಬೆಂಗಳೂರಿನಲ್ಲಿರುವ ನನ್ನ ಕಾಲೇಜು ಗೆಳೆಯನ ಹೊಸ ಮನೆಯ ವಾಸ್ತುಶಾಂತಿ ಬರುವ ತಿಂಗಳಿದೆ. ಅವನಿಗೆ ಹಳೆಯ ಇಂಗ್ಲಿಷ್ ರಾಕ್ ಸಂಗೀತದ ಹುಚ್ಚು. ಹಾಸ್ಟೆಲಿನಲ್ಲಿ ಡೀಪ್ ಪರ್ಪಲ್, ಪಿಂಕ್ ಫ್ಲಾಯ್ಡ್ ಎಂದು ಸದಾ ಹೇಳುತ್ತಿದ್ದ. ಈಚೆಗೆ ರೆಕಾರ್ಡ್ ಪ್ಲೇಯರ್ ಬೇರೆ ಕೊಂಡಿದ್ದಾನೆ. ನನಗೆ ಆ ಸಂಗೀತದ ಗಂಧಗಾಳಿಯೂ ಇಲ್ಲ. ಯಾವ ಆಲ್ಬಂ ಕೊಟ್ಟರೆ ಚೆನ್ನ? ಇನ್ನೊಂದು: ನಮ್ಮ ಅಟ್ಟದ ಮೇಲೆ ಅಜ್ಜನ ಕಾಲದ ಗ್ರಾಮಫೋನ್ ಪ್ಲೇಟುಗಳಿವೆ. ಒಂದರ ಮೇಲೆ ಅಮೀರ್‌ಬಾಯಿ ಎಂಬ ಹೆಸರಿದೆ. ಅದನ್ನೂ ಜೊತೆಗೆ ಕೊಡಬಹುದೆ? ಅವನ ಮಷೀನಿನಲ್ಲಿ ಅದು ಹಾಡುತ್ತದೆಯೆ?

ಉತ್ತರ: ತಾನು ಕೇಳದ ಸಂಗೀತವನ್ನು ಇನ್ನೊಬ್ಬರಿಗಾಗಿ ಆರಿಸುವುದು ಸುಲಭವಲ್ಲ. ತಮ್ಮ ಪತ್ರದಲ್ಲಿ ಎರಡು ಸಂದೇಹಗಳಿವೆ: ಗೆಳೆಯನಿಗೆ ಮೆಚ್ಚುಗೆಯಾಗುವ ರಾಕ್ ಆಲ್ಬಂ ಯಾವುದು, ಮತ್ತು ಅಟ್ಟದ ಮೇಲಿನ ಪ್ಲೇಟು ಹೊಸ ಮಷೀನಿಗೆ ಹೊಂದುತ್ತದೆಯೇ. ಎರಡನೆಯದಕ್ಕೆ ಮೊದಲು ಉತ್ತರ ಹೇಳುತ್ತೇನೆ. ಅಲ್ಲಿ ತಪ್ಪಿದರೆ ಗೆಳೆಯನ ಮಷೀನಿನ ಮುಳ್ಳೂ ಹಾಳು, ಅಜ್ಜನ ಪ್ಲೇಟೂ ಹಾಳು.

ಕಪ್ಪಗೆ, ದುಂಡಗೆ, ನಡುವೆ ತೂತು ಇರುವುದೆಲ್ಲ ಒಂದೇ ಬಗೆಯ ರೆಕಾರ್ಡು ಎಂದು ಅನೇಕರು ತಿಳಿದಿರುತ್ತಾರೆ. ನೋಡಲು ಹಾಗೆಯೇ ಕಾಣುವುದರಿಂದ ಈ ಗೊಂದಲ ಸಹಜ. ಆದರೆ ಅಜ್ಜನ ಕಾಲದ ಪ್ಲೇಟು ಬೇರೆ, ತಮ್ಮ ಗೆಳೆಯ ಹಾಕುವ ಎಲ್‌ಪಿ ಬೇರೆ. ಹಳೆಯ ಪ್ಲೇಟನ್ನು ಅರಗಿನಿಂದ ಮಾಡುತ್ತಿದ್ದರು; ಲೋಕಕ್ಕೆಲ್ಲ ಆ ಅರಗು ಬಹುಪಾಲು ಹೋಗುತ್ತಿದ್ದುದು ನಮ್ಮ ದೇಶದಿಂದಲೇ. ಅದು ನಿಮಿಷಕ್ಕೆ 78 ಸುತ್ತು ತಿರುಗುತ್ತದೆ. ಸಾಮಾನ್ಯ ಅಳತೆ 10 ಅಂಗುಲ, ಒಂದು ಬದಿಗೆ ಮೂರು ಮೂರೂವರೆ ನಿಮಿಷದ ಒಂದು ಹಾಡು. ಕೈಜಾರಿದರೆ ಒಡೆದು ಚೂರಾಗುತ್ತದೆ. ಎಲ್‌ಪಿ 1948ರಲ್ಲಿ ಅಮೆರಿಕದಲ್ಲಿ ಬಂದದ್ದು. ಅದು ವಿನೈಲ್ ಎಂಬ ಪ್ಲಾಸ್ಟಿಕ್‌ನದು, 12 ಅಂಗುಲದ್ದು, ನಿಮಿಷಕ್ಕೆ ಮೂವತ್ಮೂರು ಚಿಲ್ಲರೆ ಸುತ್ತು. ಒಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಮೇಲೆ ಹಾಡುತ್ತದೆ. ಬಿದ್ದರೆ ಒಡೆಯುವುದಿಲ್ಲ, ಆದರೆ ಬಿಸಿಲಿಗೆ ಬಾಗುತ್ತದೆ.

ಮುಖ್ಯ ವ್ಯತ್ಯಾಸ ಕಣ್ಣಿಗೆ ಕಾಣದ ಕಡೆ ಇದೆ. 78ರ ಪ್ಲೇಟಿನ ಗೀರು ಅಗಲ, ಎಲ್‌ಪಿಯದು ಅದರ ಮೂರನೆಯ ಒಂದು ಭಾಗದಷ್ಟು ಸಣ್ಣದು. ಎಲ್‌ಪಿಗೆಂದು ಮಾಡಿದ ಸಣ್ಣ ಮುಳ್ಳನ್ನು ಅಗಲ ಗೀರಿನಲ್ಲಿ ಬಿಟ್ಟರೆ ಅದು ಗೋಡೆಗೆ ತಾಗದೆ ತಳದ ಧೂಳಿನಲ್ಲಿ ಉಜ್ಜುತ್ತ ಹೋಗುತ್ತದೆ; ಹಾಡಿಗಿಂತ ಗರಗರ ಸದ್ದೇ ಹೆಚ್ಚು. ಈಗಿನ ಎಷ್ಟೋ ಮಷೀನುಗಳಲ್ಲಿ 33 ಮತ್ತು 45ರ ವೇಗ ಮಾತ್ರ ಇರುತ್ತದೆ. 78ರ ಪ್ಲೇಟನ್ನು 33ರ ವೇಗಕ್ಕೆ ಹಾಕಿದರೆ ಅಮೀರ್‌ಬಾಯಿಯ ದನಿ ಒಂದು ಸಪ್ತಕಕ್ಕೂ ಕೆಳಗಿಳಿದು, ಯಾರೋ ಗಂಡಸು ನಿದ್ದೆಗಣ್ಣಿನಲ್ಲಿ ಗೊಣಗಿದಂತೆ ಕೇಳುತ್ತದೆ. ಗೆಳೆಯನ ಮಷೀನಿನಲ್ಲಿ 78ರ ವೇಗವಿದ್ದು, ಅದಕ್ಕೆ ತಕ್ಕ ದಪ್ಪ ಮುಳ್ಳನ್ನು ಬೇರೆ ಕೊಂಡು ಹಾಕಿದರೆ ಮಾತ್ರ ಅಜ್ಜನ ಪ್ಲೇಟು ಸರಿಯಾಗಿ ಹಾಡೀತು. ಇದರ ತಿರುಗುಮುರುಗನ್ನಂತೂ ಯಾರೂ ಮಾಡಬಾರದು. ಕೀಲಿ ಕೊಟ್ಟು ತಿರುಗಿಸುವ ಹಳೆಯ ಗ್ರಾಮಫೋನಿನ ತಲೆ ನೂರು ಗ್ರಾಂ ಆಸುಪಾಸು ಭಾರವಿರುತ್ತದೆ, ಮುಳ್ಳು ಉಕ್ಕಿನದು. ಎಲ್‌ಪಿಯ ಮೇಲೆ ಬೀಳಬೇಕಾದ ಭಾರ ಎರಡು ಗ್ರಾಂ ಸುಮಾರು. ಹೊಸ ಎಲ್‌ಪಿಯನ್ನು ಅದರಲ್ಲಿ ಒಮ್ಮೆ ಹಾಕಿದರೆ ಸಾಕು, ಗೀರೆಲ್ಲ ಕೆತ್ತಿಹೋಗುತ್ತದೆ.

ಇನ್ನು ರಾಕ್ ಆಲ್ಬಂಗಳ ವಿಚಾರ. ತಮ್ಮ ಗೆಳೆಯ ಹೇಳುತ್ತಿದ್ದ ಎರಡೂ ತಂಡಗಳು ಇಂಗ್ಲೆಂಡಿನವು, ಎರಡೂ 1970ರ ದಶಕದಲ್ಲಿ ಉತ್ತುಂಗಕ್ಕೇರಿದವು. ಬೆಂಗಳೂರಿನಲ್ಲಿ ಇಂಥ ಸಂಗೀತಕ್ಕೆ ಹಿಂದಿನಿಂದಲೂ ದೊಡ್ಡ ಅಭಿಮಾನಿ ಬಳಗವಿದೆ. ಪಿಂಕ್ ಫ್ಲಾಯ್ಡ್‌ನಲ್ಲಿದ್ದ ರೋಜರ್ ವಾಟರ್ಸ್ 2002ರಲ್ಲಿ ಅಲ್ಲಿಗೆ ಬಂದು ಹಾಡಿದ್ದರು. ಮರುವರ್ಷ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್ ಅರಮನೆ ಮೈದಾನಕ್ಕೆ ಬಂದರು. ಆದ್ದರಿಂದ ತಮ್ಮ ಗೆಳೆಯ ಒಬ್ಬಂಟಿ ಹುಚ್ಚನೇನಲ್ಲ ಎಂದು ಸಮಾಧಾನ ಮಾಡಿಕೊಳ್ಳಿ.

ಈ ಸಂಗೀತದಲ್ಲಿ ಬಿಡಿ ಹಾಡಿಗಿಂತ ಆಲ್ಬಂ ಯಾಕೆ ದೊಡ್ಡದು ಎಂದು ಕೇಳಬಹುದು. 78ರ ಕಾಲದಲ್ಲಿ ಜನ ಹಾಡು ಕೊಳ್ಳುತ್ತಿದ್ದರು: ಒಂದು ಪ್ಲೇಟಿಗೆ ಎರಡು ಹಾಡು, ಅಷ್ಟೇ. ಎಲ್‌ಪಿ ಬಂದ ಮೇಲೆ ನಲವತ್ತು ನಿಮಿಷದ ಜಾಗ ಸಿಕ್ಕಿತು. ಮೊದಮೊದಲು ಅದರಲ್ಲಿಯೂ ಬಿಡಿ ಹಾಡುಗಳನ್ನೇ ತುಂಬಿದರು. 1960ರ ದಶಕದ ನಡುವಿನಿಂದ ಬೀಟಲ್ಸ್‌ನಂಥ ತಂಡಗಳು ಇಡೀ ಎಲ್‌ಪಿಯನ್ನು ಒಂದೇ ಕೃತಿಯೆಂದು ಕಟ್ಟತೊಡಗಿದವು. ಯಾವ ಹಾಡಿನ ಬೆನ್ನಿಗೆ ಯಾವುದು ಬರಬೇಕು, ಮೊದಲ ಬದಿ ಎಲ್ಲಿ ನಿಲ್ಲಬೇಕು, ಹೊದಿಕೆಯ ಮೇಲೆ ಯಾವ ಚಿತ್ರವಿರಬೇಕು ಎಂಬುದೆಲ್ಲ ಲೆಕ್ಕಕ್ಕೆ ಬಂತು. ರಾಕ್ ಅಭಿಮಾನಿಗಳು ಆಯ್ದ ಹಾಡುಗಳ ಸಂಕಲನವನ್ನು ಉಡುಗೊರೆಯಾಗಿ ಪಡೆದಾಗ ನಗುತ್ತ ತೆಗೆದುಕೊಂಡು ಮೂಲೆಗಿಡುವುದು ಇದೇ ಕಾರಣಕ್ಕೆ. ಅಂಗಡಿಯವರು ‘ಗ್ರೇಟೆಸ್ಟ್ ಹಿಟ್ಸ್’ ತೋರಿಸಿ, ಎಲ್ಲ ಒಳ್ಳೆ ಹಾಡೂ ಇದರಲ್ಲೇ ಇವೆ ಎಂದರೆ ಮರುಳಾಗಬೇಡಿ. (ಈಗಲ್ಸ್ ತಂಡದ 1976ರ ಅಂಥ ಒಂದು ಸಂಕಲನ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಂಗಳಲ್ಲಿ ಒಂದು ಎಂಬುದೂ ನಿಜ. ಆದರೂ ನನ್ನ ಮಾತು ಬದಲಾಗದು.)

ಹಾಗಾದರೆ ಅತ್ಯಂತ ಹೆಸರಾದ ಆಲ್ಬಂ ತಂದುಕೊಟ್ಟರಾಯಿತಲ್ಲ ಎನ್ನಬಹುದು. ಅಲ್ಲೇ ತೊಡಕಿರುವುದು. ಪಿಂಕ್ ಫ್ಲಾಯ್ಡ್ ಎಂದೊಡನೆ ಎಲ್ಲರೂ ಹೇಳುವುದು 1973ರ ‘ದ ಡಾರ್ಕ್ ಸೈಡ್ ಆಫ್ ದ ಮೂನ್’. ಕಪ್ಪು ಹಿನ್ನೆಲೆಯಲ್ಲಿ ಗಾಜಿನ ಪಟ್ಟಕದೊಳಗಿಂದ ಬೆಳಕು ಬಣ್ಣಬಣ್ಣವಾಗಿ ಹಾಯುವ ಆ ಹೊದಿಕೆಯನ್ನು ಟೀಶರ್ಟುಗಳ ಮೇಲೆ ತಾವೂ ನೋಡಿರುತ್ತೀರಿ. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು 1988ರ ಹೊತ್ತಿಗೆ 700ಕ್ಕೂ ಹೆಚ್ಚು ವಾರ ಇತ್ತು. ರೆಕಾರ್ಡ್ ಪ್ಲೇಯರ್ ಕೊಂಡ ರಾಕ್ ಅಭಿಮಾನಿ ಮೊದಲು ಕೊಳ್ಳುವುದೇ ಅದನ್ನು. ತಾವು ಕೊಂಡೊಯ್ದರೆ ಅವನ ಕಪಾಟಿನಲ್ಲಿ ಎರಡಾಗುತ್ತವೆ.

ಆದ್ದರಿಂದ ಹೆಸರಾದ ಆಲ್ಬಂನ ಪಕ್ಕದ್ದನ್ನು ಹಿಡಿಯಿರಿ. ಅದೇ ತಂಡ, ಹೆಚ್ಚುಕಡಿಮೆ ಅದೇ ಕಾಲ, ಆದರೆ ಮೊದಲು ಕೊಳ್ಳುವ ಪಟ್ಟಿಯಲ್ಲಿ ಇರದ್ದು. ಪಿಂಕ್ ಫ್ಲಾಯ್ಡ್ ಆದರೆ 1971ರ ‘ಮೆಡಲ್’ ಅಥವಾ 1977ರ ‘ಅನಿಮಲ್ಸ್’. ಮೆಡಲ್‌ನ ಎರಡನೆಯ ಬದಿ ಪೂರ್ತಿ ಒಂದೇ ಹಾಡು. ‘ವಿಶ್ ಯು ವರ್ ಹಿಯರ್’ (1975) ಇನ್ನೂ ಸೊಗಸಾದದ್ದು. ಸೊಗಸಾದದ್ದೆಂದೇ ಅದೂ ಅವನಲ್ಲಿ ಇರುವ ಸಂಭವ ಹೆಚ್ಚು. ಬೀಟಲ್ಸ್ ಮೆಚ್ಚುವವರಾದರೆ 1968ರ ಬಿಳಿ ಹೊದಿಕೆಯ ಜೋಡಿ ಆಲ್ಬಂ ಇದೆ. ಅದರ ಎಷ್ಟೋ ಹಾಡುಗಳು ಹುಟ್ಟಿದ್ದು ಆ ವರ್ಷ ಅವರು ಹೃಷೀಕೇಶದಲ್ಲಿ ತಂಗಿದ್ದಾಗ.

ಡೀಪ್ ಪರ್ಪಲ್ ವಿಷಯಕ್ಕೆ ಬಂದರೆ ನನ್ನ ಆಯ್ಕೆ ಸ್ಪಷ್ಟ. ಅವರ ಹೆಸರಾದ ಆಲ್ಬಂ 1972ರ ‘ಮಶೀನ್ ಹೆಡ್’. ಅದನ್ನು ಮುದ್ರಿಸಲು ತಂಡ ಸ್ವಿಟ್ಜರ್‌ಲೆಂಡಿನ ಮಾಂಟ್ರೊ ಊರಿಗೆ ಹೋಗಿತ್ತು. 1971ರ ಡಿಸೆಂಬರ್ 4ರಂದು ಅಲ್ಲಿನ ಕ್ಯಾಸಿನೊದಲ್ಲಿ ಫ್ರಾಂಕ್ ಝಾಪಾ ಎಂಬವರ ಕಛೇರಿ ನಡೆಯುತ್ತಿದ್ದಾಗ ಪ್ರೇಕ್ಷಕನೊಬ್ಬ ಸೂರಿಗೆ ಬೆಂಕಿಯ ಬಾಣ ಹಾರಿಸಿದ. ಕಟ್ಟಡ ಸುಟ್ಟುಹೋಯಿತು, ಹೊಗೆ ಪಕ್ಕದ ಸರೋವರದ ಮೇಲೆ ಹಬ್ಬಿತು. ತಂಡದವರು ಆ ಕ್ಯಾಸಿನೊದಲ್ಲೇ ರೆಕಾರ್ಡಿಂಗ್ ಮಾಡಬೇಕಿತ್ತು. ಗತಿಯಿಲ್ಲದೆ ಚಳಿಗಾಲಕ್ಕೆ ಮುಚ್ಚಿದ್ದ ಒಂದು ಹೋಟೆಲಿನ ಓಣಿಗಳಲ್ಲಿ ವಾದ್ಯ ಹೂಡಿ ಮುದ್ರಿಸಿದರು. ‘ಸ್ಮೋಕ್ ಆನ್ ದ ವಾಟರ್’ ಹಾಡಿನ ಕಥೆ ಇದೇ. ಗಿಟಾರ್ ಕಲಿಯುವ ಪ್ರತಿಯೊಬ್ಬ ಹುಡುಗನೂ ಮೊದಲು ಮೀಟಿ ನೋಡುವುದು ಅದರ ಆರಂಭದ ಸ್ವರಗಳನ್ನು. ತಮ್ಮ ಗೆಳೆಯನೂ ಹಾಸ್ಟೆಲಿನಲ್ಲಿ ಅದನ್ನು ಬಾಯಲ್ಲೇ ನುಡಿಸಿರಬೇಕು, ನೆನಪು ಮಾಡಿಕೊಳ್ಳಿ.

ಈ ಆಲ್ಬಂ ಬಿಟ್ಟು, ಅದರ ಬೆನ್ನಿಗೆ ಅದೇ ವರ್ಷದ ಕೊನೆಗೆ ಬಂದ ‘ಮೇಡ್ ಇನ್ ಜಪಾನ್’ ಕೊಡಿ. 1972ರ ಆಗಸ್ಟ್‌ನಲ್ಲಿ ಒಸಾಕಾ ಮತ್ತು ಟೋಕಿಯೊದಲ್ಲಿ ಪ್ರೇಕ್ಷಕರ ಎದುರು ನುಡಿಸಿದ್ದನ್ನು ಹಾಗೆಯೇ ಮುದ್ರಿಸಿದ ಜೋಡಿ ಎಲ್‌ಪಿ ಅದು. ನಾಲ್ಕು ಬದಿಗಳಿಗೆ ಸೇರಿ ಏಳೇ ಹಾಡು. ಕೊನೆಯ ಹಾಡೊಂದೇ ಇಪ್ಪತ್ತು ನಿಮಿಷದಷ್ಟು. ಸ್ಟುಡಿಯೊದಲ್ಲಿ ನಾಲ್ಕೈದು ನಿಮಿಷಕ್ಕೆ ಮುಗಿದ ಹಾಡು ಜನರ ಮುಂದೆ ಯಾಕೆ ಅಷ್ಟು ಬೆಳೆಯುತ್ತದೆ ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕಂಪನಿ ನಾಟಕದಲ್ಲಿ ವನ್ಸ್ ಮೋರ್ ಬಿದ್ದಾಗ ನಟ ಅದೇ ಪದವನ್ನು ಹೊಸ ಹೊಸ ತಾನ ಸೇರಿಸಿ ಎಳೆಯುತ್ತಿದ್ದನಲ್ಲ, ಇದೂ ಹಾಗೆಯೇ. ಹಾಡನ್ನು ಮೊದಲೇ ಬಲ್ಲವನಿಗೆ ಇದರ ರುಚಿ ಹೆಚ್ಚು, ಮತ್ತು ತಮ್ಮ ಗೆಳೆಯ ಬಲ್ಲವನು.

ಕೊಳ್ಳುವ ಮೊದಲು ಅವನಲ್ಲಿ ಏನೇನಿದೆ ಎಂದು ಉಪಾಯವಾಗಿ ತಿಳಿದುಕೊಳ್ಳಿ. ಹೊಸ ಮನೆಯ ಹಾಲಿನ ಫೋಟೊ ಕಳಿಸು ಎಂದರೆ ರೆಕಾರ್ಡುಗಳ ಕಪಾಟು ತಾನಾಗಿ ಬರುತ್ತದೆ. ಇಂಥವರು ಅದನ್ನು ಬಿಟ್ಟು ಫೋಟೊ ತೆಗೆಯುವುದಿಲ್ಲ. ಹೊಸ ಎಲ್‌ಪಿಗೆ ಈಗ ಸಾಮಾನ್ಯವಾಗಿ ಎರಡು ಸಾವಿರ ರೂಪಾಯಿಯಿಂದ ನಾಲ್ಕು ಸಾವಿರದ ತನಕ ಬೆಲೆ, ಜೋಡಿಗೆ ಇನ್ನೂ ಹೆಚ್ಚು. ಜಮಖಂಡಿ, ಮುಧೋಳದ ಅಂಗಡಿಗಳಲ್ಲಿ ಇವನ್ನು ಹುಡುಕುತ್ತ ಅಲೆಯಬೇಡಿ. ಬೆಂಗಳೂರಿನಿಂದಲೋ ಮುಂಬೈಯಿಂದಲೋ ತರಿಸಬೇಕು. ತೀರ ಅಗ್ಗದ ಹೊಸ ಎಲ್‌ಪಿ ಕಂಡರೆ, ಕಂಪನಿಯ ಹೆಸರು ಸರಿಯಾಗಿ ಅಚ್ಚಾಗಿಲ್ಲದಿದ್ದರೆ, ನಕಲಿಯೆಂದು ತಿಳಿದು ಬಿಟ್ಟುಬಿಡಿ.

ಹಳೆಯದನ್ನು ಕೊಳ್ಳುವುದಾದರೆ ಹೀಗೆ ಪರೀಕ್ಷಿಸಿ. ರೆಕಾರ್ಡನ್ನು ಹೊದಿಕೆಯಿಂದ ತೆಗೆಯುವಾಗ ಬೆರಳು ಗೀರಿಗೆ ತಾಗಬಾರದು. ಹೆಬ್ಬೆರಳು ಅಂಚಿಗೆ, ಉಳಿದ ಬೆರಳು ನಡುವಿನ ಲೇಬಲ್ಲಿಗೆ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನಿಧಾನವಾಗಿ ತಿರುಗಿಸಿ. ಕೂದಲೆಳೆಯಂಥ ಗೆರೆಗಳು ಬೆಳಕಿನಲ್ಲಿ ಮಾತ್ರ ಕಂಡರೆ ಚಿಂತೆಯಿಲ್ಲ. ಉಗುರಿಗೆ ತಾಗುವ ಗೆರೆ ಇದ್ದರೆ ಅಲ್ಲಿ ಮುಳ್ಳು ಕಟ್ ಎನ್ನುತ್ತದೆ. ಆಮೇಲೆ ನಡುವಿನ ತೂತಿನ ಸುತ್ತ ನೋಡಿ. ರೆಕಾರ್ಡ್ ಹಾಕುವಾಗಲೆಲ್ಲ ಮಷೀನಿನ ಕಡ್ಡಿ ಲೇಬಲ್ಲಿಗೆ ಸವರಿ ಜೇಡನ ಕಾಲಿನಂಥ ಸಣ್ಣ ಗುರುತು ಬೀಳುತ್ತದೆ. ಅವು ಹೆಚ್ಚಿದ್ದರೆ ರೆಕಾರ್ಡು ಬಹಳ ಸವೆದಿದೆ ಎಂದರ್ಥ, ಹೊದಿಕೆ ಎಷ್ಟೇ ಹೊಸದಾಗಿ ಕಾಣಲಿ.

ಈಗ ಅಟ್ಟದ ಮೇಲಿನ ಅಮೀರ್‌ಬಾಯಿ. ತಮ್ಮ ಪತ್ರದಲ್ಲಿ ಈ ಹೆಸರು ಕಂಡು ನನಗೆ ನಿಜಕ್ಕೂ ಖುಷಿಯಾಯಿತು. ಅಮೀರ್‌ಬಾಯಿ ಕರ್ನಾಟಕಿ ತಮ್ಮ ಪಕ್ಕದ ಬೀಳಗಿಯವರು. ಮುಂಬೈ ಚಿತ್ರರಂಗದಲ್ಲಿ, ಲತಾ ಮಂಗೇಶ್ಕರ್ ಹೆಸರು ಮಾಡುವ ಮೊದಲಿನ ವರ್ಷಗಳಲ್ಲಿ, ಮುಂಚೂಣಿಯ ಗಾಯಕಿಯರಲ್ಲಿ ಒಬ್ಬರು. ಬಾಂಬೆ ಟಾಕೀಸ್‌ನ ‘ಕಿಸ್ಮತ್’ (1943) ಅವರನ್ನು ದೇಶಕ್ಕೆಲ್ಲ ಪರಿಚಯಿಸಿತು. ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಆ ಚಿತ್ರ ಮೂರು ವರ್ಷಕ್ಕೂ ಮಿಕ್ಕಿ ಓಡಿತು. ಅನಿಲ್ ಬಿಸ್ವಾಸ್ ಸಂಗೀತ. ಪರಕೀಯರು ಈ ನೆಲ ಬಿಟ್ಟು ತೊಲಗಲಿ ಎನ್ನುವ, ಕವಿ ಪ್ರದೀಪ್ ಬರೆದ ಹಾಡನ್ನು ಅಮೀರ್‌ಬಾಯಿ ಮತ್ತು ಖಾನ್ ಮಸ್ತಾನಾ ಹಾಡಿದರು. ಹಾಡಿನಲ್ಲಿ ಆಗಿನ ಯುದ್ಧದಲ್ಲಿ ಬ್ರಿಟಿಷರ ಶತ್ರುಗಳಾಗಿದ್ದ ಜರ್ಮನಿ, ಜಪಾನ್ ಹೆಸರು ಬರುವುದರಿಂದ ಬ್ರಿಟಿಷ್ ಸೆನ್ಸಾರ್ ಬಿಟ್ಟುಕೊಟ್ಟಿತು. ಕೇಳಿದವರಿಗೆ ಯಾರನ್ನು ಕುರಿತದ್ದೆಂದು ತಿಳಿಯಿತು. ಮರುವರ್ಷದ ‘ರತನ್’ ಚಿತ್ರಕ್ಕೆ ನೌಶಾದ್ ಅವರ ಸಂಗೀತದಲ್ಲಿಯೂ ಹಾಡಿದರು. 1965ರಲ್ಲಿ ತೀರಿಕೊಂಡರು. ವಿಜಯಪುರದ ಅಮೀರ್ ಟಾಕೀಸ್ ಅವರ ಹೆಸರಿನದೇ.

ಅಟ್ಟದ ರಾಶಿಯಲ್ಲಿ ಗೋಹರ್ ಎಂಬ ಹೆಸರೂ ಸಿಕ್ಕೀತು. ಆಗ ಎಚ್ಚರದಿಂದ ಓದಿ. ಅಮೀರ್‌ಬಾಯಿಯ ಅಕ್ಕ ಗೋಹರ್‌ಬಾಯಿ ಕರ್ನಾಟಕಿ, ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಜೊತೆ ಹಾಡಿ ನಟಿಸಿದವರು. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಗೆ ಹಾಡಿದ ಗೋಹರ್ ಜಾನ್ ಬೇರೆ. ಅವರು 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡದ್ದರಿಂದ ಕರ್ನಾಟಕದವರೇ ಎಂದು ಕೆಲವರು ಬೆರೆಸಿಬಿಡುತ್ತಾರೆ. ಲೇಬಲ್ಲಿನ ಮೇಲಿನ ನಾಯಿಯನ್ನು ಕಂಡು ಮಕ್ಕಳು ಕೇಳಿದರೆ, ಅದು ಮುಧೋಳದ್ದಲ್ಲ, ಇಂಗ್ಲೆಂಡಿನ ನಿಪ್ಪರ್ ಎಂದು ಹೇಳಿ.

ಆ ರಾಶಿಯನ್ನು ಇನ್ನೂ ಒಂದು ಕಾರಣಕ್ಕೆ ಪೂರ್ತಿ ನೋಡಬೇಕು. ಹೊರದೇಶಗಳಲ್ಲಿ 78ರ ಪ್ಲೇಟು ನಿಂತ ಮೇಲೂ ನಮ್ಮಲ್ಲಿ ನಡೆಯುತ್ತಿತ್ತು. ಕೀಲಿಯ ಗ್ರಾಮಫೋನಿಗೆ ಕರೆಂಟು ಬೇಡ, ಕರೆಂಟಿಲ್ಲದ ಊರು ಬೇಕಾದಷ್ಟಿದ್ದವು. ಹಾಗಾಗಿ 1963ರಿಂದ ಎರಡು ಮೂರು ವರ್ಷ ಬೀಟಲ್ಸ್ ಹಾಡುಗಳೂ ಭಾರತದಲ್ಲಿ 78ರ ಪ್ಲೇಟುಗಳಾಗಿ ಬಂದವು. ಲೋಕದ ರಾಕ್ ಸಂಗ್ರಾಹಕರು ಇಂದು ಅವುಗಳಿಗೆ ದೊಡ್ಡ ಬೆಲೆ ಕೊಡುತ್ತಾರೆ. ಪಾರ್ಲೋಫೋನ್ ಎಂಬ ಲೇಬಲ್ಲಿನ ಕೆಳಗೆ ಬೀಟಲ್ಸ್ ಹೆಸರು ಕಂಡರೆ ಯಾರಿಗೂ ಉಡುಗೊರೆ ಕೊಡುವ ಅವಸರ ಮಾಡಬೇಡಿ.

ಅಮೀರ್‌ಬಾಯಿ ಪ್ಲೇಟನ್ನು ಗೆಳೆಯನಿಗೆ ಕೊಡಬಹುದೆ? ನನ್ನನ್ನು ಕೇಳಿದರೆ, ಮೂಲ ಪ್ಲೇಟು ಮನೆಯಲ್ಲೇ ಇರಲಿ. ಅದನ್ನು 78ರ ಮುಳ್ಳಿರುವವರ ಹತ್ತಿರ ಒಯ್ದು ಹಾಡುಗಳನ್ನು ಕಂಪ್ಯೂಟರಿಗೆ ಇಳಿಸಿಸಿ, ಗೆಳೆಯನಿಗೆ ಕಳಿಸಿ. ಅದರ ಜೊತೆಗೆ ರಹಮತ್ ತರೀಕೆರೆಯವರು ಬರೆದ ‘ಅಮೀರ್‌ಬಾಯಿ ಕರ್ನಾಟಕಿ’ ಪುಸ್ತಕವನ್ನು ಎಲ್‌ಪಿಯ ಕಟ್ಟಿನಲ್ಲಿ ಸೇರಿಸಿ. ರಾಕ್ ಬಲ್ಲ ಗೆಳೆಯರು ಅವನಿಗೆ ಬೆಂಗಳೂರಿನಲ್ಲಿ ಬೇಕಾದಷ್ಟು ಜನ ಇದ್ದಾರು, ಬೀಳಗಿಯ ಹಾಡು ಕೇಳಿಸುವವರು ತಾವೊಬ್ಬರೇ.

ಸಾಗಿಸುವ ಬಗ್ಗೆಯೂ ಒಂದು ಮಾತು. ನಮ್ಮ ಕಡೆಯ ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನೊಳಗೆ ಎಲ್‌ಪಿ ಬಿಟ್ಟರೆ ಗಂಟೆಯೊಳಗೆ ಹಪ್ಪಳದಂತೆ ಸೊಟ್ಟಗಾಗುತ್ತದೆ, ಮತ್ತೆ ನೆಟ್ಟಗಾಗುವುದು ಕಷ್ಟ. ರಾತ್ರಿ ಬಸ್ಸಿನಲ್ಲಿ ಹೋಗುವುದಾದರೆ ಡಿಕ್ಕಿಗೆ ಹಾಕದೆ ಕೈಯಲ್ಲೇ ಇಟ್ಟುಕೊಳ್ಳಿ. ಮಲಗಿಸಿ ಅದರ ಮೇಲೆ ಬ್ಯಾಗು ಹೇರಬೇಡಿ, ನಿಲ್ಲಿಸಿ ಒಯ್ಯಿರಿ. ಎರಡು ಬದಿಗೆ ರಟ್ಟು ಕೊಟ್ಟು ಮೇಲೆ ನಿಮ್ಮೂರಿನ ಹತ್ತಿ ಸೀರೆಯೊಂದನ್ನು ಸುತ್ತಿದರೆ ರೆಕಾರ್ಡಿಗೂ ರಕ್ಷಣೆ, ಮನೆಯವರಿಗೂ ಉಡುಗೊರೆ.

ಬಿಡುವಾದಾಗ ಅಟ್ಟದ ಪ್ಲೇಟುಗಳನ್ನು ಒಂದೊಂದಾಗಿ ಇಳಿಸಿ, ಲೇಬಲ್ಲಿನ ಮೇಲಿನ ಹೆಸರು, ಚಿತ್ರ, ಅಂಕಿಗಳನ್ನು ಬರೆದು ನಮಗೆ ಕಳಿಸಿಕೊಡಿ. ಯಾವುದು ಏನೆಂದು ತಿಳಿದಷ್ಟನ್ನು ಮುಂದಿನ ಸಂಚಿಕೆಯಲ್ಲಿ ಹೇಳುತ್ತೇವೆ.